ನೀವೆಲ್ಲ ಎಲ್ಲಿದ್ರಿ, 1996ರ ನವೆಂಬರ್‌ನಲ್ಲಿ?

ಹೋದ ರಾಜ್ಯೋತ್ಸವಕ್ಕೆ ನಮ್ಮ ಆಫೀಸಿನಲ್ಲಿ ಒಂದು ಕ್ವಿಜ್ ಇಟ್ಟಿದ್ದರು. ಹಳದಿ-ಕೆಂಪು ಬಲೂನು, ಪೇಪರ್ ಪ್ಲೇಟಿನಲ್ಲಿ ಬಿಸಿಬೇಳೆಬಾತು, ಗೋಡೆ ಮೇಲೆ ಪ್ರೊಜೆಕ್ಟರಿನಲ್ಲಿ ‘ನವೆಂಬರ್ 1996’ ಅಂತ ದೊಡ್ಡಕ್ಷರ. ಯಾಕೆ ಅದೇ ತಿಂಗಳು ಅಂದರೆ, ಕ್ವಿಜ್ ನಡೆಸಿದ ಎಚ್‌ಆರ್ ಹುಡುಗಿ ಹುಟ್ಟಿದ್ದು ಆ ತಿಂಗಳಂತೆ. “ನಾನು ಹುಟ್ಟಿದಾಗ ನೀವೆಲ್ಲ ಏನು ನೋಡ್ತಾ ಇದ್ರಿ ಹೇಳಿ” ಅಂತ ಶುರು ಮಾಡಿದಳು. ಒಳ್ಳೇ ಹುಡುಗಿ. ಅವಳ ಮೇಲೆ ನನ್ನ ಜಗಳ ಇಲ್ಲ.

ಟೈಟನ್ ಕಪ್ ಫೈನಲ್‌ನಲ್ಲಿ ನಾವು ಸೋಲಿಸಿದ್ದು ಯಾರನ್ನ? ಆಮಿರ್ ಖಾನ್ ಟ್ಯಾಕ್ಸಿ ಡ್ರೈವರ್ ಆಗಿದ್ದ ಸಿನಿಮಾ ಯಾವುದು? ಆಗ ದೇಶದ ಪ್ರಧಾನಿ ಯಾರು? ಇದಕ್ಕೆ ಜೊತೆಯಲ್ಲಿ ತೂಕಡಿಸುತ್ತಿರುವ ದೇವೇಗೌಡರ ಫೋಟೋ, ರೂಮು ತುಂಬ ನಗು. ಕೊನೆಗೆ, ಚಿನ್ನಸ್ವಾಮಿ ಸ್ಟೇಡಿಯಮ್ಮಿನಲ್ಲಿ ವಿಶ್ವಸುಂದರಿ ಕಿರೀಟ ಯಾವ ದೇಶದ ಹುಡುಗಿಯ ಪಾಲಾಯಿತು?

“ಗ್ರೀಸ್!” ಅಂತ ಎಲ್ಲರಿಗಿಂತ ಮೊದಲು ಕೂಗಿದವನು ನಾನೇ.

“ಸರ್, ಲೈವ್ ನೋಡಿದ್ರಾ?”

“ಹೂಂ ಮತ್ತೆ. ಮನೆಯವರೆಲ್ಲ ಕೂತ್ಕೊಂಡು ನೋಡಿದ್ವಿ.”

ಹೀಗೆ ಹೇಳುವಾಗ ನನಗೆ ಅದು ಸುಳ್ಳು ಅನ್ನಿಸಲೇ ಇಲ್ಲ. ಸೋಫಾ, ಕಲರ್ ಟೀವಿ, ಪಕ್ಕದಲ್ಲಿ ಚಕ್ಕುಲಿ ತಟ್ಟೆ, ಎಲ್ಲ ಕಣ್ಣಿಗೆ ಕಟ್ಟಿದ ಹಾಗೆ ಇತ್ತು. ರಾತ್ರಿ ಮಾಯಸಂದ್ರಕ್ಕೆ ಫೋನ್ ಮಾಡಿದಾಗ ಅಮ್ಮನಿಗೆ ಇದನ್ನೂ ಹೇಳಿದೆ. ಅಮ್ಮ ಒಂದು ಕ್ಷಣ ಸುಮ್ಮನಿದ್ದು, “ಎಲ್ ನೋಡ್ದ್ಯೋ ನೀನು?” ಅಂದರು. “ನಮ್ಮನೇಲಿ ಟೀವಿ ಎಲ್ಲಿತ್ತು? ಶೆಟ್ರ ಮನೇಲಿ ಹಾಕ್ತಾರೆ ಅಂತ ಓಡೋದೆ, ಕರೆಂಟ್ ಹೋಯ್ತು ಅಂತ ವಾಪಸ್ ಬಂದೆ. ಆಮೇಲೆ ನಾಟಕದ ಪ್ರ್ಯಾಕ್ಟೀಸ್ ನೋಡ್ತಾ ಗುಡಿ ಜಗಲಿ ಮೇಲೇ ಮಲ್ಕೊಂಬಿಟ್ಟಿದ್ದೆ. ನಿಮ್ಮ ದೊಡ್ಡಪ್ಪ ಹೆಗಲ ಮೇಲೆ ಹಾಕ್ಕೊಂಡು ಬಂದ್ರು ಕಣಪ್ಪ.”

ಆ ಸೋಫಾ ಯಾರದ್ದು ಅಂತ ಆಮೇಲೆ ಯೋಚಿಸಿದೆ. ಹೊಳೆಯಿತು. ಬಸವನಗುಡಿಯ ಒಬ್ಬ ಕಲೀಗು ವರ್ಷಗಟ್ಟಲೆ ಕ್ಯಾಂಟೀನಿನಲ್ಲಿ ಹೇಳಿದ ಕಥೆಯಲ್ಲಿ ಬರುವ ಸೋಫಾ ಅದು. ನಾನು ಸೋಫಾ ಸಮೇತ ಅವನ ಬಾಲ್ಯವನ್ನ ನನ್ನದು ಮಾಡಿಕೊಂಡಿದ್ದೆ. ಐರಿನ್ ಸ್ಕ್ಲಿವಾ ಅನ್ನೋ ಹೆಸರನ್ನ ನಾನು ನಿಜವಾಗಿ ಓದಿದ್ದು ಎಷ್ಟೋ ದಿನ ಕಳೆದ ಮೇಲೆ, ಬೋಂಡ ಕಟ್ಟಿಕೊಟ್ಟ ಪೇಪರಿನಲ್ಲಿ.

ನನ್ನ ತಕರಾರು ಇಲ್ಲಿಂದ ಶುರು. ‘ನೈಂಟೀಸ್ ಕಿಡ್ಸ್’ ಅನ್ನೋ ಹೆಸರಲ್ಲಿ ನಾವು ಹಂಚಿಕೊಂಡು ನಗುವ, ಕಣ್ಣೀರಿಡುವ ಈ ನೆನಪುಗಳಿವೆಯಲ್ಲ, ಅವು ಬೆಂಗಳೂರಿನ ಏಳೆಂಟು ಬಡಾವಣೆಗಳ ನೆನಪುಗಳು. ಅದನ್ನ ಇಡೀ ಕರ್ನಾಟಕದ ಬಾಲ್ಯ ಅಂತ ಮಾರಾಟ ಮಾಡುತ್ತಿದ್ದಾರೆ, ಊರು ಬಿಟ್ಟು ಬಂದ ನಮ್ಮಂಥವರು ನಮ್ಮದನ್ನ ಬಿಸಾಕಿ ಅದನ್ನ ಕೊಳ್ಳುತ್ತಿದ್ದೇವೆ.

ಮೊದಲನೇದಾಗಿ, ಒಂದು ತಿಂಗಳು ಇಡಿಯಾಗಿ ನೆನಪಿರಬೇಕಾದರೆ ಅದು ಇಡಿಯಾಗಿ ನಿಮ್ಮನ್ನ ತಲುಪಿರಬೇಕು. ತುರುವೇಕೆರೆಗೂ ಯಡಿಯೂರಿಗೂ ನಡುವೆ ಇರುವ ನಮ್ಮೂರಿಗೆ ಯಾವ ತಿಂಗಳೂ ಇಡಿಯಾಗಿ ಬರುತ್ತಿರಲಿಲ್ಲ. ಆ ನವೆಂಬರ್ ಮಧ್ಯದಲ್ಲಿ ‘ಜನುಮದ ಜೋಡಿ’ ಬಿಡುಗಡೆಯಾಯಿತು. ಗುಜರಾತಿನ ಪನ್ನಾಲಾಲ್ ಪಟೇಲರ ಕಾದಂಬರಿಯನ್ನ ನಾಗಾಭರಣ ಹಳೇ ಮೈಸೂರು ಸೀಮೆಯ ಕಥೆ ಅನ್ನಿಸೋ ಹಾಗೆ ಮಾಡಿದ್ದರು. ಬೆಂಗಳೂರಲ್ಲಿ ವರ್ಷಕ್ಕಿಂತ ಹೆಚ್ಚು ಓಡಿತು. ನಮಗೆ ಮೊದಲು ಬಂದದ್ದು ಕ್ಯಾಸೆಟ್ಟು, ಅದೂ ಪ್ರೈವೇಟ್ ಬಸ್ಸಿನಲ್ಲಿ. ತಿಪಟೂರಿಗೆ ಹೋಗಿಬರುವಷ್ಟರಲ್ಲಿ ಎರಡು ಸಲ ಆ ಕಡೆ, ಎರಡು ಸಲ ಈ ಕಡೆ ಕೇಳಿಯಾಗುತ್ತಿತ್ತು. ಆಮೇಲೆ ಮದುವೆ ಮನೆಗಳ ಮೈಕು. ಜನಪದರ ಬಾಯಲ್ಲಿ ಮೊದಲೇ ಇದ್ದ ಪದವೂ ಅದರಲ್ಲಿತ್ತು, ಹಾಗಾಗಿ ಮುದುಕಿಯರಿಗೆ ಸಿನಿಮಾ ನೋಡದೇನೇ ಹಾಡು ಬರುತ್ತಿತ್ತು. ಶಿವರಾಜ್‌ಕುಮಾರ್ ಮುಖ ನಾನು ನೋಡಿದ್ದು ಮುಂದಿನ ವರ್ಷ, ಟೆಂಟಿನಲ್ಲಿ, ಮರಳಿನ ಮೇಲೆ ಕೂತು. ಹಾಗಾದರೆ ‘ಜನುಮದ ಜೋಡಿ’ ಯಾವ ತಿಂಗಳ ಸಿನಿಮಾ? ನಿಮಗೆ ನವೆಂಬರ್ 96. ನನಗೆ ಅಲ್ಲ.

ಇದೇನು ದೊಡ್ಡ ಅನ್ಯಾಯ ಅಂತ ಆಗ ಯಾರಿಗೂ ಅನ್ನಿಸಿರಲಿಲ್ಲ. ತೆಂಗಿನ ಸೀಮೆಯಲ್ಲಿ ಕಾಯೋದು ಗೊತ್ತಿರೋ ಕಸುಬು. ಕಾಯಿ ಕಿತ್ತು ಅಟ್ಟಕ್ಕೆ ಹಾಕಿದರೆ ಒಳಗಿನ ನೀರು ಇಂಗಿ, ಅಲ್ಲಾಡಿಸಿದಾಗ ಗಿಟುಕು ಗುಡುಗುಡು ಅನ್ನೋಕೆ ಹತ್ತು ಹನ್ನೊಂದು ತಿಂಗಳು ಬೇಕು. ಆಮೇಲೆ ಸುಲಿದು, ಚಿಪ್ಪು ಒಡೆದು, ಉಂಡೆ ಕೊಬ್ಬರಿಯನ್ನ ಚೀಲಕ್ಕೆ ತುಂಬಿ ತಿಪಟೂರು ಮಾರ್ಕೆಟ್ಟು. ಈ ನವೆಂಬರಿನ ಕಾಯಿಗೆ ದುಡ್ಡು ಸಿಗೋದು ಮುಂದಿನ ನವೆಂಬರಿನ ಆಸುಪಾಸಿಗೆ. ಸಿನಿಮಾನೂ ಅಷ್ಟೇ, ಬಂದಾಗ ಬರುತ್ತೆ. ತಡವಾಗಿ ಬಂದದ್ದರ ಬಗ್ಗೆ ನನಗೆ ಬೇಜಾರಿಲ್ಲ. ಬೇಜಾರಿರೋದು, ಸಮಯಕ್ಕೆ ಸರಿಯಾಗಿ ಸಿಕ್ಕವರ ಕ್ಯಾಲೆಂಡರ್ ಒಂದೇ ಕ್ಯಾಲೆಂಡರ್ ಅಂತ ಇವತ್ತು ನಾವೆಲ್ಲ ಒಪ್ಪಿಕೊಂಡಿರೋದು.

ಅಂದಹಾಗೆ, ಕನ್ನಡ ರಾಜ್ಯೋತ್ಸವದ ಕ್ವಿಜ್ಜಿನಲ್ಲಿ ‘ಜನುಮದ ಜೋಡಿ’ ಬಗ್ಗೆ ಪ್ರಶ್ನೆಯೇ ಇರಲಿಲ್ಲ. ‘ರಾಜಾ ಹಿಂದೂಸ್ತಾನಿ’ಗೆ ಇತ್ತು.

ಇದಕ್ಕಿಂತ ನನ್ನನ್ನ ಚುಚ್ಚಿದ್ದು ಇನ್ನೊಂದು ಸ್ಲೈಡು. ಹಸಿರು ಶಾಲು ಹೊದ್ದ ಗಂಡಸರು ಕೈ ಎತ್ತಿ ಕೂಗುತ್ತಿರುವ ಫೋಟೋ. ಪ್ರಶ್ನೆ: ‘ಈ ಅಂಕಲ್‌ಗಳಿಗೆ ಯಾಕಿಷ್ಟು ಸಿಟ್ಟು?’ ಆಯ್ಕೆ ಎ, ಟಿಕೆಟ್ ಸಿಗಲಿಲ್ಲ. ಬಿ, ಹೆಂಡತಿ ಟೀವಿ ನೋಡಲು ಬಿಡಲಿಲ್ಲ. ಉಳಿದದ್ದು ನೆನಪಿಲ್ಲ. ನಾನೂ ನಕ್ಕೆ. ಆ ಫೋಟೋದಲ್ಲಿ ನಮ್ಮ ದೊಡ್ಡಪ್ಪ ಇರಲಿಲ್ಲ ಅನ್ನೋದಷ್ಟೇ ನನ್ನ ಪುಣ್ಯ. ಆದರೆ ಇರಬಹುದಿತ್ತು. ದೊಡ್ಡಪ್ಪನಿಗೂ ಒಂದು ಹಸಿರು ಶಾಲು ಇತ್ತು. ಆ ವಾರ ಊರಿನ ಏಳೆಂಟು ಜನದ ಜೊತೆ ಬೆಂಗಳೂರಿಗೆ ಹೊರಟು, ಅರ್ಧ ದಾರಿಯಿಂದ ವಾಪಸ್ ಕಳಿಸಿದರು ಅಂತ ಬೈಕೊಂಡು ಬಂದು, ಸಂಜೆ ನಾಟಕದ ಪ್ರ್ಯಾಕ್ಟೀಸಿಗೆ ಕೂತಿದ್ದರು.

ಆ ತಿಂಗಳ ಜಗಳವನ್ನ ಇವತ್ತು ನಾವು ‘ಸಂಸ್ಕೃತಿ ಪೊಲೀಸರು ಮತ್ತು ಸುಂದರಿಯರು’ ಅನ್ನೋ ಜೋಕು ಮಾಡಿಟ್ಟಿದ್ದೇವೆ. ನಿಜಕ್ಕೂ ಅಲ್ಲಿ ಒಬ್ಬರನ್ನ ಕಂಡರೆ ಒಬ್ಬರಿಗಾಗದ ಮೂರ್ನಾಲ್ಕು ಗುಂಪುಗಳಿದ್ದವು. ಸಂಪ್ರದಾಯ ಕೆಡುತ್ತೆ ಅನ್ನುವ ಬಲಪಂಥದವರಿದ್ದರು. ಹೆಣ್ಣಿನ ಮೈಯನ್ನ ಸರಕು ಮಾಡಬೇಡಿ ಅನ್ನುವ ಮಹಿಳಾ ಸಂಘಟನೆಗಳಿದ್ದವು. ರೈತಸಂಘದ ನಂಜುಂಡಸ್ವಾಮಿಯವರ ವಿರೋಧದ ದಾರಿಯೇ ಬೇರೆ. ಅದೇ ವರ್ಷದ ಜನವರಿಯಲ್ಲಿ ಅವರ ಕಡೆಯವರು ಬೆಂಗಳೂರಿನ ಕೆಂಟಕಿ ಚಿಕನ್ ಅಂಗಡಿಗೆ ನುಗ್ಗಿದ್ದರು. ಅದಕ್ಕೂ ಮೊದಲು ಕಾರ್ಗಿಲ್ ಬೀಜದ ಕಂಪನಿ. ಅವರ ಲೆಕ್ಕದಲ್ಲಿ ಕೋಳಿ, ಬೀಜ, ಸುಂದರಿ ಎಲ್ಲ ಒಂದೇ ಬಾಗಿಲಿಂದ ಒಳಗೆ ಬರುತ್ತಿದ್ದವು. ಸರಿಯೋ ತಪ್ಪೋ, ಅದೊಂದು ವಾದ. ಮದುರೈಯಲ್ಲಿ ಒಬ್ಬ ಯುವಕ ಇದೇ ವಿಷಯಕ್ಕೆ ಮೈಗೆ ಬೆಂಕಿ ಹಚ್ಚಿಕೊಂಡು ಸತ್ತ. ಸ್ವಿಮ್‌ಸೂಟ್ ಸುತ್ತನ್ನ ಸೆಶೆಲ್ಸ್ ದ್ವೀಪಕ್ಕೆ ಸಾಗಿಸಿದರು. ಸ್ಟೇಡಿಯಮ್ಮಿನ ಸುತ್ತ ಸಾವಿರಾರು ಪೊಲೀಸರು. ಕಾರ್ಯಕ್ರಮ ನಡೆಸಿದ ಅಮಿತಾಭ್ ಬಚ್ಚನ್ ಕಂಪನಿ ಸಾಲದಲ್ಲಿ ಮುಳುಗಿತು, ಅವರು ಮೇಲೆದ್ದಿದ್ದು 2000ದಲ್ಲಿ ಕೋಟಿ ರೂಪಾಯಿಯ ಕ್ವಿಜ್ ನಡೆಸಿ. (ಕ್ವಿಜ್ಜಿನಿಂದ ಒಬ್ಬರಿಗಾದರೂ ಒಳ್ಳೇದಾಯ್ತು.)

ದೊಡ್ಡಪ್ಪನ ಸಿಟ್ಟಿಗೆ ಕಾರಣ ಪಾಮಾಯಿಲ್. 1994ರಲ್ಲಿ ಪಾಮೋಲಿನ್ ಆಮದಿಗೆ ಬಾಗಿಲು ತೆಗೆದರು, ಮಾರನೇ ವರ್ಷ ಬೇರೆ ಖಾದ್ಯ ತೈಲಗಳಿಗೂ. ಕೊಬ್ಬರಿ ಎಣ್ಣೆಯನ್ನ ಆ ಪಟ್ಟಿಯಿಂದ ಹೊರಗಿಟ್ಟಿದ್ದರು ನಿಜ. ಆದರೆ ಬಾಣಲೆಗೆ ಕಾನೂನು ಗೊತ್ತಿರಲ್ಲ. ಅಗ್ಗದ ಎಣ್ಣೆ ಬಂದ ಮೇಲೆ ಉಳಿದ ಎಣ್ಣೆಗಳ ಮೇಲೂ ಒತ್ತಡ ಬಿದ್ದೇ ಬೀಳುತ್ತೆ. “ಮಲೇಷ್ಯಾದ ಎಣ್ಣೆ ತರೋರೂ ಅವ್ರೆ, ಈ ಮೆರವಣಿಗೆ ಮಾಡ್ಸೋರೂ ಅವ್ರೆ” ಅನ್ನೋದು ದೊಡ್ಡಪ್ಪನ ಒಂದು ಸಾಲಿನ ಅರ್ಥಶಾಸ್ತ್ರ. ‘ಅವ್ರು’ ಯಾರು ಅಂತ ಕೇಳಿದರೆ ಕೈ ಬೀಸಿ ಪೂರ್ವ ದಿಕ್ಕು ತೋರಿಸುತ್ತಿದ್ದರು. ಆ ಕಡೆ ಬೆಂಗಳೂರು ಇತ್ತು.

ದೊಡ್ಡಪ್ಪನನ್ನ ಹೀರೋ ಮಾಡೋ ಆಸೆ ನನಗಿಲ್ಲ. ಹೆಣ್ಣುಮಕ್ಕಳು ಮೈ ತೋರಿಸಬಾರದು ಅನ್ನೋ ಮಾತೂ ಅದೇ ಬಾಯಲ್ಲಿ ಬರುತ್ತಿತ್ತು. ಅದೇ ವಾರ ಗುಡಿ ಮುಂದೆ ಪ್ರ್ಯಾಕ್ಟೀಸ್ ನಡೀತಿದ್ದದ್ದು ‘ಕುರುಕ್ಷೇತ್ರ’, ದೊಡ್ಡಪ್ಪನೇ ದುರ್ಯೋಧನ, ಸೀರೆ ಸೆಳೆಯುವ ದೃಶ್ಯಕ್ಕೆ ದ್ರೌಪದಿಯಾಗಿ ದುಡ್ಡು ಕೊಟ್ಟು ಕರೆಸಿದ ಹೊರಗಿನ ಕಲಾವಿದೆ. ಊರಿನ ಹೆಂಗಸರು ಯಾರೂ ಸ್ಟೇಜು ಹತ್ತೋ ಹಾಗಿರಲಿಲ್ಲ. ಯಾವ ಜಾತಿಯವರು ಜಗಲಿ ಮೇಲೆ, ಯಾರು ಕೆಳಗೆ ಅನ್ನೋದನ್ನ ಯಾರೂ ಬಾಯಿಬಿಟ್ಟು ಹೇಳಬೇಕಿರಲಿಲ್ಲ. ಇದನ್ನೆಲ್ಲ ಹೇಳಿ ಬೈಯಿರಿ, ನಾನೂ ಜೊತೆಗೆ ಬೈತೀನಿ. ಆದರೆ ಬೈಯೋಕೆ ಮೊದಲು ಅವರು ಏನಂದರು ಅನ್ನೋದು ಗೊತ್ತಿರಬೇಕು. ಟಿಕೆಟ್ ಸಿಗದ ಅಂಕಲ್ ಅಂತ ನಕ್ಕುಬಿಟ್ಟರೆ ಬೈಯುವ ಕಷ್ಟವೂ ಇಲ್ಲ.

ಆ ನಾಟಕದ ವಿಷಯ ಸ್ವಲ್ಪ ಹೇಳಲೇಬೇಕು, ಯಾಕೆಂದರೆ ಆ ತಿಂಗಳು ನಾನು ನಿಜವಾಗಿ ನೋಡಿದ್ದು ಅದೊಂದನ್ನೇ. ನಮ್ಮ ತುಮಕೂರು ಜಿಲ್ಲೆ ಗುಬ್ಬಿ ವೀರಣ್ಣನವರ ಜಿಲ್ಲೆ. ಕಂಪನಿ ನಾಟಕಗಳು ಕಡಿಮೆಯಾದ ಮೇಲೂ ಹಳ್ಳಿಗಳಲ್ಲಿ ಪೌರಾಣಿಕ ನಾಟಕದ ಹುಚ್ಚು ಇಳಿದಿರಲಿಲ್ಲ, ಈಗಲೂ ಪೂರ್ತಿ ಇಳಿದಿಲ್ಲ. ಇಲ್ಲಿ ನಟರಿಗೆ ಸಂಬಳ ಇಲ್ಲ, ನಟರೇ ದುಡ್ಡು ಕಟ್ಟಬೇಕು. ಪಾತ್ರಕ್ಕೆ ಇಷ್ಟು ಅಂತ ರೇಟು. ಕೃಷ್ಣ, ದುರ್ಯೋಧನ ದುಬಾರಿ. ಸಣ್ಣ ಪಾತ್ರಗಳು ಕೈಗೆಟುಕುವಂಥವು. ಆ ದುಡ್ಡಲ್ಲಿ ಸೀನು, ಡ್ರೆಸ್ಸು, ಹಾರ್ಮೋನಿಯಂ ಮೇಷ್ಟ್ರು, ಹೊರಗಿನ ಕಲಾವಿದೆಯರು. ದೊಡ್ಡಪ್ಪ ದುರ್ಯೋಧನನಾಗೋಕೆ ಅಟ್ಟದ ಕಾಯಿಯನ್ನ ಕೊಬ್ಬರಿಯಾಗೋ ಮೊದಲೇ ಮಾರಿದರು ಅಂತ ದೊಡ್ಡಮ್ಮ ಇವತ್ತಿಗೂ ಆಡಿಕೊಳ್ಳುತ್ತಾರೆ. ರಾಗಿ ಕೊಯ್ಲಿನ ಕೆಲಸ ಮುಗಿಸಿ, ಉಂಡು, ರಾತ್ರಿ ಒಂಬತ್ತಕ್ಕೆ ಗಂಡಸರು ಗುಡಿ ಮುಂದೆ ಸೇರೋರು. ಮೇಷ್ಟ್ರು ತಮ್ಮ ನೋಟ್‌ಬುಕ್ ತೆಗೆದು ಸಾಲು ಹೇಳಿಕೊಡೋರು. ಓದು ಬಾರದವರು ಬರೀ ಕೇಳಿ ಕೇಳಿ ಒಂದು ಪಾತ್ರ ಪೂರ್ತಿ ಬಾಯಿಪಾಠ ಮಾಡೋರು. ಶ್ರುತಿ ತಪ್ಪಿದರೆ ಮೇಷ್ಟ್ರು ಹಾರ್ಮೋನಿಯಂ ನಿಲ್ಲಿಸಿ ನಶ್ಯ ಏರಿಸೋರು. ಅದೇ ಬೈಗುಳ.

ಚಿನ್ನಸ್ವಾಮಿಯಲ್ಲಿ 88 ದೇಶಗಳ ಹುಡುಗಿಯರು ನಡೆದಾಡಿದ ಆ ಶನಿವಾರ ರಾತ್ರಿ ನಮ್ಮೂರಲ್ಲಿ ಮನೋರಂಜನೆ ಅಂದರೆ ಇದು. ಅಲ್ಲೂ ಡ್ರೆಸ್ಸು, ಕಿರೀಟ, ಲೈಟು. ಇಲ್ಲೂ ಡ್ರೆಸ್ಸು, ಕಿರೀಟ, ಕರೆಂಟ್ ಹೋದಾಗ ಪೆಟ್ರೋಮ್ಯಾಕ್ಸು. ಅದಕ್ಕೆ ವಿಡಿಯೋ ಇದೆ. ಇದಕ್ಕೆ ಒಂದು ಫೋಟೋ ಕೂಡ ಇಲ್ಲ. ಮೇಷ್ಟ್ರು ತೀರಿಕೊಂಡು ತುಂಬಾ ವರ್ಷವಾಯಿತು. ನೋಟ್‌ಬುಕ್ಕು ಗೆದ್ದಲು ಹಿಡಿಯಿತು ಅಂತ ಅವರ ಮಗ ಹೇಳಿದ.

“ಏನ್ ಗುರು, ಒಂದು ಆಫೀಸ್ ಕ್ವಿಜ್ಜಿಗೆ ಇಷ್ಟೊಂದು ಭಾಷಣ?” ಅಂತ ಬಸವನಗುಡಿಯ ಗೆಳೆಯ ಕೇಳಿದ. ಅವನ ಮಾತಲ್ಲೂ ನ್ಯಾಯ ಇದೆ. ಅವನ ನೆನಪು ಸುಳ್ಳಲ್ಲ, ಅವನು ನೋಡಿದ್ದನ್ನ ಅವನು ಹೇಳುತ್ತಾನೆ. ಅದರ ಹಿಂದಿನ ತಿಂಗಳು ಅದೇ ಸ್ಟೇಡಿಯಮ್ಮಿನಲ್ಲಿ ಸಚಿನ್ ಔಟಾದ ಮೇಲೆ ಶ್ರೀನಾಥ್, ಕುಂಬ್ಳೆ ಇಬ್ಬರೇ ನಿಂತು ಆಸ್ಟ್ರೇಲಿಯಾನ ಸೋಲಿಸಿದ್ದನ್ನ ಅವನು ಸ್ಟ್ಯಾಂಡಿನಲ್ಲಿ ಕೂತು ನೋಡಿದ್ದಾನೆ. ಅದನ್ನ ಹೇಳುವಾಗ ಅವನ ಕಣ್ಣು ಒದ್ದೆಯಾಗುತ್ತೆ, ನನ್ನದೂ ಆಗುತ್ತೆ. ಶ್ರೀನಾಥ್ ಹೆಸರಿನಲ್ಲಿರೋ ಜಾವಗಲ್ ಅರಸೀಕೆರೆ ತಾಲ್ಲೂಕಿನದ್ದು, ನಮ್ಮ ತಿಪಟೂರಿನ ಆಚೆಗಿನ ತಾಲ್ಲೂಕು. ಆದರೂ ಆ ಕಥೆ ಹೇಳೋ ಹಕ್ಕು ಅವನಿಗೇ ಇದೆ ಅನ್ನೋ ಥರ ನಾನು ಬಾಯಿ ಮುಚ್ಚಿಕೊಂಡು ಕೂತಿರುತ್ತೇನೆ.

ಸಮಸ್ಯೆ ಅವನದ್ದಲ್ಲ, ನನ್ನದು. ನಮ್ಮ ಆ ರೂಮಿನಲ್ಲಿ ನಲವತ್ತು ಜನ ಇದ್ದರು. ಲೆಕ್ಕ ಹಾಕಿದೆ: ಅರ್ಧಕ್ಕಿಂತ ಹೆಚ್ಚು ಜನ ಹೊಸದುರ್ಗ, ಸಿಂಧನೂರು, ಕುಂದಾಪುರ, ಹುನಗುಂದ ಇಂಥ ಕಡೆಯಿಂದ ಬಂದವರು. ಎಲ್ಲರೂ ಕೈ ಎತ್ತಿದ್ದು ಒಂದೇ ನೆನಪಿಗೆ. ಸಿಂಧನೂರಿನವನನ್ನ ಆಮೇಲೆ ಲಿಫ್ಟಿನಲ್ಲಿ ಕೇಳಿದೆ, “ನೀವು ನಿಜವಾಗ್ಲೂ ನೋಡಿದ್ರಾ?” ಅವನು ನನ್ನ ಮುಖ ನೋಡಿ, “ನಮ್ಮೂರಾಗ ಟೀವಿ ಬಂದಿದ್ದ 98ಕ್ಕರಿ ಸರ್” ಅಂದ. ಇಬ್ಬರೂ ನಾಲ್ಕನೇ ಫ್ಲೋರಿನವರೆಗೆ ಮಾತಾಡಲಿಲ್ಲ.

ಮಾರನೇ ದಿನ ಎಚ್‌ಆರ್ ಹುಡುಗಿಗೆ ನಡೆದದ್ದು ಹೇಳಿದೆ. ನಾನು ಲೈವ್ ನೋಡಿರಲಿಲ್ಲ, ಆ ಹಸಿರು ಶಾಲಿನವರಲ್ಲಿ ಒಬ್ಬರು ನಮ್ಮ ದೊಡ್ಡಪ್ಪ, ಆ ರಾತ್ರಿ ಅವರು ದುರ್ಯೋಧನ. ಅವಳಿಗೆ ಮುಜುಗರವಾಯಿತು. ಸಾರಿ ಅಂದಳು. ಆಮೇಲೆ ನಿಜವಾದ ಆಸಕ್ತಿಯಿಂದಲೇ ಕೇಳಿದಳು, “ಸರ್, ಅದರ ಕ್ಲಿಪ್ ಇದ್ಯಾ? ಮುಂದಿನ ವರ್ಷ ಹಾಕೋಣ.”

ಕ್ಲಿಪ್ ಇಲ್ಲ. ದೊಡ್ಡಪ್ಪ ಇದ್ದಾರೆ. ಎಂಬತ್ತು ದಾಟಿದೆ, ಕಿವಿ ಮಂದ, ಫೋನಿನಲ್ಲಿ ಏನು ಕೇಳಿದರೂ “ಕಾಯಿ ರೇಟು ಹೆಂಗೈತೆ ಬೆಂಗ್ಳೂರಲ್ಲಿ” ಅಂತಾರೆ. ಆದರೆ ಎದುರಿಗೆ ಕೂತು ಮೊದಲ ಸಾಲು ಎತ್ತಿಕೊಟ್ಟರೆ ದುರ್ಯೋಧನನ ಮಾತು ಪೂರ್ತಿ ಹೇಳುತ್ತಾರೆ ಅಂತ ಅಮ್ಮ ಅಂದರು. ಮೊದಲ ಸಾಲು ನನಗೆ ನೆನಪಿಲ್ಲ. ದೊಡ್ಡಮ್ಮನಿಗೆ ಗೊತ್ತಂತೆ. ಶನಿವಾರ ಊರಿಗೆ ಹೋಗ್ತಾ ಇದ್ದೀನಿ.