ಕಾಲು ಹೋಗುವ ಮುನ್ನ ಪಾದ ನೋಡಿ

ಸಕ್ಕರೆ ಕಾಯಿಲೆಯವರ ಕಾಲು ಒಂದೇ ದಿನಕ್ಕೆ ಹೋಗುವುದಿಲ್ಲ. ಮೊದಲು ಸ್ಪರ್ಶ ಹೋಗುತ್ತದೆ, ಚಪ್ಪಲಿ ಕಚ್ಚಿದ್ದೂ ಗೊತ್ತಾಗದು. ಗಾಯ ಎಷ್ಟು ಆಳ, ರಕ್ತ ಹರಿಯುತ್ತಿದೆಯೇ, ಸೋಂಕು ಎಷ್ಟು ಹಬ್ಬಿದೆ - ಈ ಮೂರನ್ನು ನೋಡಿ ಕಾಲು ಕಳೆಯುವ ಅಪಾಯವನ್ನು ಅಂದಾಜಿಸುವ ಕ್ರಮ 2014ರಿಂದಲೇ ಇದೆ. ಸ್ಪರ್ಶ ಪರೀಕ್ಷೆಗೆ 10 ಗ್ರಾಂ ಒತ್ತಡದ ನೈಲಾನ್ ಎಳೆ ಸಾಕು.

ಬೆಂಗಳೂರಿನ ಸರಕಾರಿ ಎಂಡೋಕ್ರಿನಾಲಜಿ ಸಂಸ್ಥೆಯಲ್ಲಿ ಪಾದಕ್ಕೆಂದೇ ವಿಭಾಗವಿದೆ. ಆದರೆ ಕಾಲು ಕಪ್ಪಾದ ಮೇಲೆ ಅಲ್ಲಿಗೆ ಓಡಿದರೆ ಏನು ಪ್ರಯೋಜನ? ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ತಾಲೂಕು ಆಸ್ಪತ್ರೆಗಳಲ್ಲಿ ಶುಗರ್ ನೋಡುವಾಗ ಪಾದವನ್ನೂ ನೋಡಲೇಬೇಕು.

ಮನೆಯವರೂ ಸುಮ್ಮನಿರಬಾರದು. ಬಾಪ, ಉಮ್ಮನ ಅಂಗಾಲನ್ನು ದಿನಾ ನೋಡಿ. ವುಝೂ ಮಾಡಿದ ಮೇಲೆ ಬೆರಳ ಸಂದು ಒರೆಸಲು ಹೇಳಿ. ನೋವಿಲ್ಲ ಅಂತ ಗಾಯ ಬಿಡಬೇಡಿ; ನೋವಿಲ್ಲದಿರುವುದೇ ಅಪಾಯ.