ಕರೆಂಟ್ ಹೋದರೆ ಕಳಚುವ ಡ್ರಿಲ್

ಐಟಿಐ, ಡಿಪ್ಲೊಮಾ ವಿದ್ಯಾರ್ಥಿಗಳು ತರಬೇತಿಗೆ ಹೋಗುವ ಫ್ಯಾಬ್ರಿಕೇಶನ್ ಶೆಡ್‌ಗಳಲ್ಲಿ ಮ್ಯಾಗ್ನೆಟಿಕ್ ಡ್ರಿಲ್ ಸಾಮಾನ್ಯ. ಕದಲಿಸಲಾಗದ ಭಾರಿ ಉಕ್ಕಿನ ತೊಲೆಗಳಿಗೆ ಈ ಯಂತ್ರವನ್ನೇ ಒಯ್ದು ಅಂಟಿಸಿ ರಂಧ್ರ ಕೊರೆಯುತ್ತಾರೆ.

ಹೆಚ್ಚಿನ ಯಂತ್ರಗಳ ಬುಡದಲ್ಲಿರುವುದು ವಿದ್ಯುತ್ಕಾಂತ. ಸುರುಳಿಯಲ್ಲಿ ವಿದ್ಯುತ್ ಹರಿಯುವಷ್ಟು ಹೊತ್ತು ಮಾತ್ರ ಅದಕ್ಕೆ ಬಲ. ಕರೆಂಟ್ ಹೋದರೆ ಹಿಡಿತವೂ ಹೋಯಿತು. ನೆಟ್ಟಗೆ ನಿಂತ ಕಂಬಕ್ಕೋ ತಲೆಯ ಮೇಲಿನ ತೊಲೆಗೋ ಅಂಟಿಸಿದ್ದರೆ, 10 ಕಿಲೊ ಮೀರಿ ತೂಗಬಲ್ಲ ಯಂತ್ರ ಕೆಳಗೆ ಬೀಳುತ್ತದೆ. ಆದ್ದರಿಂದ ಸುರಕ್ಷತಾ ಸರಪಳಿ ಬಿಗಿದ ಮೇಲೆಯೇ ಕೊರೆಯಲು ತೊಡಗಬೇಕು.

ತುಕ್ಕು, ಬಣ್ಣ, ಲೋಹದ ಚೂರುಗಳು ಕಾಂತಕ್ಕೂ ಉಕ್ಕಿಗೂ ನಡುವೆ ಸಂದು ಮಾಡಿ ಹಿಡಿತ ತಗ್ಗಿಸುತ್ತವೆ. ಎರಡೂ ಮೈಗಳನ್ನು ಮೊದಲೇ ಒರೆಸಬೇಕು. ತೆಳು ತಗಡಿನ ಮೇಲೆ ಹಿಡಿತ ಕಡಿಮೆ. ಅಲ್ಯುಮಿನಿಯಂಗೆ ಅಂಟುವುದೇ ಇಲ್ಲ.

ಕಣ್ಣಿಗೆ ಕನ್ನಡಕ ಬೇಕೇ ಬೇಕು. ತಿರುಗುವ ಕಟರ್ ಬಳಿ ಕೈಗವಸು, ಸಡಿಲ ತೋಳಿನ ಅಂಗಿ ಸಲ್ಲದು. ಚೂರುಗಳನ್ನು ಮೋಟಾರ್ ನಿಂತ ನಂತರ ಬ್ರಷ್‌ನಿಂದ ತೆಗೆಯಬೇಕು, ಬರಿಗೈಯಿಂದಲ್ಲ. ಕಟರ್ ಬದಲಿಸುವ ಮುನ್ನ ಯಂತ್ರವನ್ನು ಕೆಳಗಿಳಿಸಿ ಪ್ಲಗ್ ಕೀಳಬೇಕು. ವೈರ್ ಸುಲಿದಿದ್ದರೆ ಅಂದು ಕೆಲಸವೇ ಬೇಡ.

ತರಬೇತಿಯಿಂದ ಮನೆಗೆ ಬಂದ ಮಕ್ಕಳಲ್ಲಿ ಸ್ಟೈಪೆಂಡ್, ಊಟ ವಿಚಾರಿಸುವ ಪಾಲಕರು, ‘ಸರಪಳಿ ಬಿಗಿದಿದ್ದೆಯಾ?’ ಎಂದೂ ಒಂದು ಮಾತು ಕೇಳಲಿ.