ಅನ್ನದ ಅಕ್ಷರ ತಿದ್ದುವವರು

ನುಂಗಂಬಾಕ್ಕಂನಲ್ಲಿ ನೆಲೆಸಿದ ನಮ್ಮವರ ಮಕ್ಕಳಲ್ಲಿ ಲೊಯೋಲಾ ಕಾಲೇಜಿಗೋ, ಕಾಲೇಜು ರಸ್ತೆಯ ವಿಮೆನ್ಸ್ ಕ್ರಿಶ್ಚಿಯನ್ ಕಾಲೇಜಿಗೋ ಹೋಗಿ ಜೀವವಿಜ್ಞಾನ ಓದುವವರು ಕೆಲವರುಂಟು. ಅವರು ಊಟದ ಹೊತ್ತಿನಲ್ಲಿ ‘ಜೀನೋಮ್ ತಿದ್ದುವಿಕೆ’ ಎಂದರೆ ಹಿರಿಯರು ಸಾರಿನ ಸೌಟು ಹಿಡಿದು ನಿಂತು ‘ಅದೇನಪ್ಪ?’ ಎನ್ನುತ್ತಾರೆ. ಅನ್ನದಿಂದಲೇ ಉತ್ತರ ಹೇಳಬಹುದಾದುದರಿಂದ ಈ ಸಲ ಅದನ್ನು ಕುರಿತು ನಾಲ್ಕು ಮಾತು ಬರೆಯುತ್ತಿದ್ದೇವೆ.

2025ನೆಯ ಇಸವಿ ಮೇ 4ರಂದು ಭಾರತ ಸರಕಾರವು ಜೀನೋಮ್ ತಿದ್ದಿದ ಎರಡು ಭತ್ತದ ತಳಿಗಳನ್ನು ಪ್ರಕಟಿಸಿತು. ಅವುಗಳಲ್ಲೊಂದು, ‘ಕಮಲಾ’ ಎಂಬ ಡಿ.ಆರ್.ಆರ್. ಧಾನ್ 100, ಹೈದರಾಬಾದಿನ ಭಾರತೀಯ ಭತ್ತ ಸಂಶೋಧನಾ ಸಂಸ್ಥೆಯದು. ಅದರ ತಾಯಿ ಯಾರೆಂದು ಬಲ್ಲಿರಾ? ಗಂಗಾವತಿ, ಸಿಂಧನೂರು ಕಡೆಯ ರೈತರು ಬಿ.ಪಿ.ಟಿ. ಎಂದು ಕರೆಯುವ ಸಾಂಬಾ ಮಸೂರಿ.

ಪ್ರತಿಯೊಂದು ಜೀವಕೋಶದಲ್ಲಿಯೂ ಆ ಜೀವದ ಪೂರ್ಣ ಪಾಠವು ನಾಲ್ಕೇ ಅಕ್ಷರಗಳ ಲಿಪಿಯಲ್ಲಿ ಬರೆದಿರುತ್ತದೆ. ಭತ್ತದ ಪಾಠ ಸುಮಾರು 40 ಕೋಟಿ ಅಕ್ಷರ. ಇಷ್ಟರಲ್ಲಿ ಬೇಕಾದ ಪದವನ್ನು ಹುಡುಕುವುದು ಹೇಗೆ? (ನಮ್ಮ ಪತ್ರಿಕೆಯ ನಾಲ್ಕು ಪುಟದಲ್ಲಿಯೇ ಅಚ್ಚಿನ ತಪ್ಪು ನಮ್ಮ ಕಣ್ಣಿಗೆ ಬೀಳುವುದಿಲ್ಲ.) ಈ ವಿದ್ಯೆ ಮೊದಲು ಬ್ಯಾಕ್ಟೀರಿಯಗಳದು. ತಮ್ಮ ಮೇಲೆ ಬಿದ್ದ ವೈರಸ್ಸಿನ ಗುರುತನ್ನು ಬರೆದಿಟ್ಟುಕೊಂಡು, ಅದು ಮತ್ತೆ ಬಂದರೆ ಅವು ಕತ್ತರಿಸಿಹಾಕುತ್ತವೆ. ಈ ಕತ್ತರಿಯನ್ನು ನಮಗೆ ಬೇಕಾದ ಕಡೆಗೆ ಕಳುಹಿಸಬಹುದೆಂದು 2012ರಲ್ಲಿ ತೋರಿಸಿದ ಎಮ್ಯಾನುಯೆಲ್ ಶಾರ್ಪಾಂತ್ಯೇ ಮತ್ತು ಜೆನ್ನಿಫರ್ ಡೌಡ್ನಾ ಎಂಬ ಮಹಿಳೆಯರಿಗೆ 2020ರ ನೊಬೆಲ್ ಬಹುಮಾನ ಬಂದಿತು. ಕ್ರಿಸ್ಪರ್ ಎಂಬುದು ಅದರ ಹೆಸರು. ಸುಮಾರು 20 ಅಕ್ಷರಗಳ ಆರ್‌ಎನ್‌ಎ ತುಣುಕೊಂದು ದಾರಿ ತೋರುತ್ತದೆ. ಕ್ಯಾಸ್ ಎಂಬ ಪ್ರೋಟೀನು ಕತ್ತರಿಸುತ್ತದೆ. ಕೋಶವು ಆ ಗಾಯವನ್ನು ಅವಸರದಲ್ಲಿ ಹೊಲಿಯುವಾಗ ಕೆಲವು ಅಕ್ಷರ ತಪ್ಪಿ, ಆ ಪದದ ಕೆಲಸ ಕೆಡುತ್ತದೆ. ಕೆಡಿಸುವುದೇ ಇಲ್ಲಿ ಉದ್ದೇಶ! ಸಾಂಬಾ ಮಸೂರಿಯ ಒಂದು ಜೀನು, ತೆನೆಗೆ ಕಾಳು ಹೆಚ್ಚಿಸುವ ಸೈಟೊಕೈನಿನ್ ಎಂಬ ಹಾರ್ಮೋನನ್ನು ಕರಗಿಸುತ್ತಿತ್ತು. ಅದರ ಬಾಯಿ ಕಟ್ಟಿದರು. ಬಿ.ಟಿ. ಹತ್ತಿಯಲ್ಲಿರುವಂತೆ ಬೇರೆ ಜೀವಿಯ ಜೀನು ಇದರಲ್ಲಿ ಉಳಿದಿಲ್ಲ. ಆದುದರಿಂದಲೇ 2022ರಲ್ಲಿ ಸರಕಾರವು ಇಂಥ ಬೆಳೆಗಳನ್ನು ಕುಲಾಂತರಿ ಬೆಳೆಗಳ ಕಟ್ಟುಪಾಡಿನಿಂದ ಬಿಡಿಸಿತು.

ಇಳುವರಿ ಶೇಕಡಾ 19ರಷ್ಟು ಹೆಚ್ಚೆಂದು ಸರಕಾರದ ಪ್ರಕಟಣೆ. ನಮಗೆ ಅದಕ್ಕಿಂತ ದೊಡ್ಡದಾಗಿ ಕಂಡುದು, ಸುಮಾರು 20 ದಿನ ಮೊದಲೇ ಕೊಯ್ಲಿಗೆ ಬರುತ್ತದೆಂಬ ಮಾತು. 2024ರ ಆಗಸ್ಟಿನಲ್ಲಿ ತುಂಗಭದ್ರಾ ಅಣೆಕಟ್ಟಿನ 19ನೆಯ ಬಾಗಿಲು ಕೊಚ್ಚಿಹೋದುದನ್ನು ಕಂಡವರಿಗೆ, ಅದರಲ್ಲಿಯೂ ನಾಲೆಯ ಕೊನೆಯಲ್ಲಿ ಗದ್ದೆಯಿರುವವರಿಗೆ, 20 ದಿನದ ನೀರು ಎಂದರೇನೆಂದು ಬಿಡಿಸಿ ಹೇಳಬೇಕಿಲ್ಲ.

ಆದರೆ ಪ್ರಯೋಗದ ಅಂಕಿಅಂಶಗಳು ಈ ಹೊಗಳಿಕೆಗೆ ಒಪ್ಪುವುದಿಲ್ಲವೆಂದು ಕುಲಾಂತರಿ ವಿರೋಧಿ ಸಂಘಟನೆಗಳು ಅದೇ ವರ್ಷ ಆಕ್ಷೇಪಿಸಿದುವು. ದಾರಿ ತೋರುವ ತುಣುಕು ಹೋಲುವ ಮತ್ತೊಂದು ಪದವನ್ನು ಕತ್ತರಿಸಿಬಿಡುವುದೂ ಉಂಟು, ಹುಡುಕಿ ನೋಡಬೇಕು. ಕತ್ತರಿಯ ಮುಖ್ಯ ಹಕ್ಕುಪತ್ರಗಳು ವಿದೇಶದ ಸಂಸ್ಥೆಗಳ ಕೈಯಲ್ಲಿವೆ. ಬೀಜದ ಬೆಲೆಯಲ್ಲಿ ಅದರ ಪಾಲು ಎಷ್ಟಾದೀತು? ಕತ್ತರಿಯ ಜಾಣತನಕ್ಕಿಂತ ಈ ಪ್ರಶ್ನೆಗಳನ್ನೇ ನಮ್ಮ ವಿದ್ಯಾರ್ಥಿಗಳು ಗುರುಗಳ ಮುಂದೆ ಇಡಬೇಕೆಂಬುದು ನಮ್ಮ ಆಸೆ.

ಇಷ್ಟೆಲ್ಲವನ್ನೂ ಓದಿ ಹೇಳಿದಾಗ ನಮ್ಮ ಮನೆಯ ಹಿರಿಯಕ್ಕ ಕೇಳಿದ್ದು ಒಂದೇ: ‘ಅನ್ನ ಉದುರುದುರಾಗಿ ಆಗುತ್ತದೆಯೇ?’ ಕಾಳಿನ ಗುಣ ತಾಯಿಯದೇ ಎಂದು ವಿಜ್ಞಾನಿಗಳು ಹೇಳಿದ್ದಾರೆ ಎಂದೆವು. ‘ಒಂದು ಸೇರು ತಂದುಕೊಡಿ, ಮೊಸರಿಗೆ ಕಲಸಿ ನೋಡಿ ಹೇಳುತ್ತೇನೆ’ ಎಂದರು.